ಉಪಕಸುಬೇ ಉಳಿದ ಕಥೆ

1969ರ ಆಗಸ್ಟಿನಲ್ಲಿ ಜೆಫರ್ಸನ್ ಏರ್‌ಪ್ಲೇನ್ ತಂಡ ವುಡ್‌ಸ್ಟಾಕ್‌ನಲ್ಲಿ ಲಕ್ಷಾಂತರ ಜನರ ಮುಂದೆ ನುಡಿಸಿತು. ಮರುತಿಂಗಳು ಅದೇ ತಂಡದ ಇಬ್ಬರು, ಗಿಟಾರಿನ ಯೋರ್ಮಾ ಕೌಕೊನೆನ್ ಮತ್ತು ಬೇಸ್ ಗಿಟಾರಿನ ಜ್ಯಾಕ್ ಕ್ಯಾಸಡಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನ್ಯೂ ಆರ್ಲಿಯನ್ಸ್ ಹೌಸ್ ಎಂಬ ಕ್ಲಬ್ಬಿನಲ್ಲಿ ಹಳೆಯ ಬ್ಲೂಸ್ ನುಡಿಸುತ್ತಿದ್ದರು. ಡ್ರಮ್ಸ್ ಇರಲಿಲ್ಲ. ಜೊತೆಗಿದ್ದದ್ದು ವಿಲ್ ಸ್ಕಾರ್ಲೆಟ್ ಅವರ ಹಾರ್ಮೋನಿಕಾ. ಆ ಕಛೇರಿಯ ಧ್ವನಿಮುದ್ರಣ 1970ರಲ್ಲಿ ‘ಹಾಟ್ ಟ್ಯೂನಾ’ ಎಂಬ ಆಲ್ಬಮ್ ಆಗಿ ಬಂತು. ನಡುವೆ ಒಂದು ಕಡೆ ಗಾಜಿನ ಲೋಟ ಒಡೆದ ಸದ್ದೂ ಇದೆ. ಅದನ್ನು ಯಾರೂ ತೆಗೆಯಲಿಲ್ಲ.

ಈ ಸಣ್ಣ ತಂಡ ಹುಟ್ಟಿದ್ದು ಬಿಡುವಿನಲ್ಲಿ. ಏರ್‌ಪ್ಲೇನ್‌ನ ಗಾಯಕಿ ಗ್ರೇಸ್ ಸ್ಲಿಕ್ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ದೊಡ್ಡ ತಂಡದ ಕಾರ್ಯಕ್ರಮಗಳಿರಲಿಲ್ಲ. ಪ್ರವಾಸಗಳಲ್ಲಿ ಹೋಟೆಲ್ ಕೋಣೆಯಲ್ಲಿ ತಮ್ಮ ಖುಷಿಗೆ ನುಡಿಸಿಕೊಳ್ಳುತ್ತಿದ್ದುದನ್ನೇ ಇಬ್ಬರೂ ವೇದಿಕೆಗೆ ತಂದರು.

ಸ್ನೇಹ ಮಾತ್ರ ಅದಕ್ಕಿಂತ ಹಳೆಯದು. ಯೋರ್ಮಾ ಅವರ ತಂದೆಯ ಕಡೆಯವರು ಫಿನ್ಲೆಂಡ್ ಮೂಲದವರು. ತಂದೆ ಅಮೆರಿಕದ ಸರ್ಕಾರಿ ಕೆಲಸದ ಮೇಲೆ ಹೊರದೇಶಗಳಲ್ಲಿದ್ದುದರಿಂದ ಹುಡುಗನ ಕೆಲವು ವರ್ಷ ಪಾಕಿಸ್ತಾನದಲ್ಲೂ ಕಳೆದವು. ವಾಷಿಂಗ್ಟನ್ನಿಗೆ ಮರಳಿದ ಮೇಲೆ ತನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ಜ್ಯಾಕ್ ಜೊತೆ ಸೇರಿ ‘ಟ್ರಯಂಫ್ಸ್’ ಎಂಬ ತಂಡ ಕಟ್ಟಿದರು. ಆಗ ಮುಖ್ಯ ಗಿಟಾರ್ ನುಡಿಸುತ್ತಿದ್ದವರು ಜ್ಯಾಕ್. 1965ರಲ್ಲಿ ಏರ್‌ಪ್ಲೇನ್‌ಗೆ ಬೇಸ್ ನುಡಿಸುವವರು ಬೇಕಾದಾಗ ಯೋರ್ಮಾ ಕರೆಸಿಕೊಂಡದ್ದು ಇದೇ ಗೆಳೆಯನನ್ನು.

ಬ್ಲೂಸ್ ಬಂದದ್ದು ಬೇರೆ ದಾರಿಯಿಂದ. ಓಹಿಯೋದ ಆಂಟಿಯೋಕ್ ಕಾಲೇಜಿನಲ್ಲಿ ಇಯಾನ್ ಬುಕಾನನ್ ಎಂಬ ಗಿಟಾರ್ ವಾದಕರು ಯೋರ್ಮಾಗೆ ರೆವರೆಂಡ್ ಗ್ಯಾರಿ ಡೇವಿಸ್ ಅವರ ಶೈಲಿಯನ್ನು ಹೇಳಿಕೊಟ್ಟರು. ದಕ್ಷಿಣ ಕ್ಯಾರೊಲೈನಾದಲ್ಲಿ 1896ರಲ್ಲಿ ಹುಟ್ಟಿದ ಡೇವಿಸ್ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಕಪ್ಪು ಪಾದ್ರಿ. ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ಹಾಡಿ ಬದುಕಿದವರು. ಅವರ ಕೈಯಲ್ಲಿ ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಲಯ ಕಾಯುತ್ತದೆ, ಬೆರಳು ಮೇಲಿನ ತಂತಿಗಳಲ್ಲಿ ರಾಗ ಹಿಡಿಯುತ್ತದೆ. ಒಂದೇ ಗಿಟಾರು ಇಡೀ ಮೇಳವಾಗುತ್ತದೆ.

ಹಾಗಾದರೆ ಬೇಸ್ ವಾದಕನಿಗೆ ಅಲ್ಲಿ ಏನು ಕೆಲಸ? ಹಾಟ್ ಟ್ಯೂನಾದ ಜೀವ ಇರುವುದೇ ಈ ಪ್ರಶ್ನೆಯಲ್ಲಿ. ಯೋರ್ಮಾ ಅವರ ಹೆಬ್ಬೆರಳು ಆಗಲೇ ನುಡಿಸುತ್ತಿರುವುದನ್ನು ಕ್ಯಾಸಡಿ ಮತ್ತೆ ನುಡಿಸುತ್ತ ಕೂರಲಿಲ್ಲ. ಅವರ ಬೇಸ್ ಮೇಲಕ್ಕೆ ಏರಿ ಎರಡನೆಯ ಕಂಠದಂತೆ ಹಾಡುತ್ತದೆ. ಗಿಟಾರು ಹೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೆಲವೊಮ್ಮೆ ವಾದಕ್ಕೂ ನಿಲ್ಲುತ್ತದೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿದ್ದರೆ ಮಾತ್ರ ಆಗುವ ಕೆಲಸ ಇದು.

1971ರ ಎರಡನೇ ಆಲ್ಬಮ್ಮಿನ ಹೊತ್ತಿಗೆ ವಿದ್ಯುತ್ ಗಿಟಾರು, ಡ್ರಮ್ಸ್ ಬಂದವು. ಐವತ್ತು ದಾಟಿದ್ದ ಕಪ್ಪು ಪಿಟೀಲುವಾದಕ ಪಾಪಾ ಜಾನ್ ಕ್ರೀಚ್ ಸೇರಿದರು. ಮರುವರ್ಷ ಏರ್‌ಪ್ಲೇನ್ ನಿಂತುಹೋಯಿತು. ಹಳೆಯ ಸಂಗಾತಿಗಳು ಜೆಫರ್ಸನ್ ಸ್ಟಾರ್‌ಶಿಪ್ ಕಟ್ಟಿ ಹೊರಟರೆ, ಇವರಿಬ್ಬರು ತಮ್ಮ ಬ್ಲೂಸನ್ನೇ ಹಿಡಿದುಕೊಂಡರು. 1975ರ ಸುಮಾರಿಗೆ ಅದು ಕಿವಿಗಡಚಿಕ್ಕುವ ರಾಕ್ ಆಗಿತ್ತು. ದಶಕ ಮುಗಿಯುವ ಮೊದಲೇ ತಂಡ ಒಡೆಯಿತು, ಎಂಬತ್ತರ ದಶಕದಲ್ಲಿ ಮತ್ತೆ ಕೂಡಿತು. 1989ರಲ್ಲಿ ಏರ್‌ಪ್ಲೇನ್ ಒಮ್ಮೆ ಮರುಹುಟ್ಟು ಪಡೆದರೂ ಒಂದು ಆಲ್ಬಮ್, ಒಂದು ಪ್ರವಾಸಕ್ಕೇ ಮುಗಿಯಿತು. ಹಾಟ್ ಟ್ಯೂನಾ ನಡೆಯುತ್ತಲೇ ಇತ್ತು.

1998ರಲ್ಲಿ ಯೋರ್ಮಾ ಮತ್ತು ಪತ್ನಿ ವನೆಸ್ಸಾ ಓಹಿಯೋದಲ್ಲಿ ಫರ್ ಪೀಸ್ ರಾಂಚ್ ಎಂಬ ಗಿಟಾರ್ ಶಾಲೆ ತೆರೆದರು. ಜ್ಯಾಕ್ ಅಲ್ಲಿ ಬೇಸ್ ಪಾಠ ಹೇಳಿದ್ದಾರೆ. ಡೇವಿಸ್ ಅವರಿಂದ ಬುಕಾನನ್ ಮೂಲಕ ಬಂದ ಬೆರಳುಗಾರಿಕೆ ಹೀಗೆ ಇನ್ನೊಂದು ತಲೆಮಾರಿಗೆ ದಾಟಿತು. ಯಾರಿಂದ ಕಲಿತೆ ಎಂದು ಯೋರ್ಮಾ ಎಂದೂ ಮುಚ್ಚಿಡಲಿಲ್ಲ. ಕಪ್ಪು ಕಲಾವಿದರಿಂದ ಪಡೆದು ಹೆಸರು ಹೇಳದೆ ದುಡಿದುಕೊಂಡವರು ರಾಕ್ ಚರಿತ್ರೆಯಲ್ಲಿ ಕಡಿಮೆಯೇನಿಲ್ಲ. ಆ ಕಾರಣಕ್ಕೇ ಇದು ಸಣ್ಣ ಸಂಗತಿಯಲ್ಲ.

ಮುಪ್ಪಿನಲ್ಲಿ ಕೊಟ್ಟ ಸಂದರ್ಶನಗಳಲ್ಲಿ ಇಬ್ಬರೂ ತಮ್ಮ ಸಂಗೀತದ ಲೆಕ್ಕವನ್ನು ಏರ್‌ಪ್ಲೇನ್‌ನ 1965ರಿಂದಲೋ ಹಾಟ್ ಟ್ಯೂನಾದ 1969ರಿಂದಲೋ ಶುರುಮಾಡುವುದಿಲ್ಲ, 1958ರಿಂದ ಶುರುಮಾಡುತ್ತಾರೆ. ಆ ಲೆಕ್ಕದಲ್ಲಿ ನೋಡಿದರೆ ನಡುವೆ ಬಂದು ಹೋದದ್ದು ಜೆಫರ್ಸನ್ ಏರ್‌ಪ್ಲೇನ್.