ಮಂಗಳೂರು ಹೆಂಚು, ಮುಂಬಯಿಯ ಮಳೆ

ಜೂನ್ ತಿಂಗಳು ಹತ್ತಿರವಾಯಿತೆಂದರೆ ಮುಂಬಯಿಯ ಹಳೆಯ ಚಾಳುಗಳ ನೆತ್ತಿಯ ಮೇಲೆ ನೀಲಿ ತಾಡಪತ್ರಿಗಳು ಹರಡಿಕೊಳ್ಳುತ್ತವೆ. ಅವುಗಳ ಅಡಿಯಲ್ಲಿ ಅಡಗಿರುವ ಹೆಂಚನ್ನು ನಮ್ಮ ಮರಾಠಿ ನೆರೆಹೊರೆಯವರು 'ಮಂಗಳೂರಿ ಕೌಲು' ಎಂದೇ ಕರೆಯುತ್ತಾರೆ. ನಮ್ಮಲ್ಲನೇಕರು ಹೊಟ್ಟೆಪಾಡಿಗಾಗಿ ಈ ಊರಿಗೆ ಬರುವ ಮೊದಲೇ ನಮ್ಮ ನಾಡಿನ ಮಣ್ಣು ಬಂದು ಇಲ್ಲಿಯ ಮಾಡುಗಳನ್ನೇರಿ ಕುಳಿತಿತ್ತು.

ಈ ಹೆಂಚು ಹುಟ್ಟುವುದಕ್ಕೆ ಹಿಂದೆ ಕರಾವಳಿಯ ಬಡವರ ಮನೆಗೆ ಮುಳಿಹುಲ್ಲಿನ ಹೊದಿಕೆ, ಇಲ್ಲವೆ ತೆಂಗಿನ ಗರಿಯದು. ಅದರ ಆಯುಸ್ಸು ಒಂದೆರಡು ಮಳೆಗಾಲ ಮಾತ್ರ. ಪತ್ತನಾಜೆಯೊಳಗೆ ಹೊದಿಸಿ ಮುಗಿಸದವನ ಪಾಡು ಹೇಳತೀರದು. ಆಷಾಢದಲ್ಲಿ ಎಲ್ಲಿಯಾದರೂ ತೊಟ್ಟಿಕ್ಕಿದರೆ ಅಡಿಕೆಯ ಹಾಳೆಯೊಂದನ್ನು ಸಂದಿಗೆ ಸಿಕ್ಕಿಸಿ ದಿನ ನೂಕುತ್ತಿದ್ದರು. ಆದರೆ ಆ ತೇಪೆಗೆ ಒಂದು ಗಡುವಿತ್ತು. ಬೇಸಗೆ ಬಂದೊಡನೆ ಹಾಳೆಯೂ ಹಳೆಯ ಹುಲ್ಲೂ ಕೂಡಿಯೇ ಇಳಿಯುತ್ತಿದ್ದುವು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ನೆನೆಯುವುದು 1843ರ 'ಮಂಗಳೂರ ಸಮಾಚಾರ'ಕ್ಕಾಗಿ, 1894ರ ಕಿಟೆಲ್ ನಿಘಂಟಿಗಾಗಿ. ಅದೇ ಮಿಷನ್ನಿನ ಮುದ್ರಣದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಅಲ್ಲಿಯ ಜೇಡಿಮಣ್ಣನ್ನು ಪರೀಕ್ಷಿಸಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಕ್ಷರದ ಅಚ್ಚನ್ನು ಬಲ್ಲವರು ಮಣ್ಣಿನ ಅಚ್ಚಿಗೂ ಕೈಯಿಕ್ಕಿದರೆನ್ನಬಹುದು. ಒಂದರ ಅಂಚು ಮತ್ತೊಂದರ ತೋಡಿನಲ್ಲಿ ಕಚ್ಚಿ ಕೂರುವ ಈ ಜಾತಿಯ ಹೆಂಚಿಗೆ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸೋದರರು 1841ರಲ್ಲಿಯೇ ಪೇಟೆಂಟು ಪಡೆದಿದ್ದರು. ಬಾಸೆಲ್ ನಗರವಿರುವುದು ಆಲ್ಸೇಸಿನ ಗಡಿಯಲ್ಲಿಯೇ. ಬಳಿಕ ಮಂಗಳೂರಿನಲ್ಲಿ ಒಂದರ ಹಿಂದೊಂದು ಕಾರ್ಖಾನೆಗಳೆದ್ದುವು. ಪತ್ತೆಮಾರಿಗಳಲ್ಲಿ ಹೇರಿದ ಹೆಂಚು ಪಶ್ಚಿಮ ಸಮುದ್ರದ ಬಂದರುಗಳಿಗೆಲ್ಲ ಹೋಯಿತು, ಮುಂಬಯಿಗಂತೂ ಧಾರಾಳವಾಗಿ ಬಂದಿತು.

ಮಿಷನ್ನಿನ ಹೆಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರಿನೊಡನೆ '1865' ಎಂಬ ಅಂಕಿ ಅಚ್ಚಾಗಿರುತ್ತದೆ. ಅದನ್ನು ಕಂಡು ತಮ್ಮ ಮಾಡು ಅಷ್ಟು ಹಳೆಯದೆಂದು ಬೀಗುವವರು ಬಹಳ ಮಂದಿ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ!

ಹೆಂಚು ಬಂದರೂ ದುರಸ್ತಿ ತಪ್ಪಲಿಲ್ಲ. ಹೆಂಚು ಬಾಳಿದಷ್ಟು ಕಾಲ ಅದನ್ನು ಹೊತ್ತ ರೀಪು ಪಕ್ಕಾಸುಗಳು ಬಾಳವು. ಇತ್ತ ಮುಂಬಯಿಯಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟದಲ್ಲಿ ಕಟ್ಟಿ ನಿಲ್ಲಿಸಿತು. ಅಲ್ಪ ಸಂಬಳದ ನಮ್ಮವರು ಈ ಊರಿನಲ್ಲಿ ನೆಲೆಯೂರಿದ್ದು ಅದರ ಆಸರೆಯಿಂದಲೇ. ಅದನ್ನು ಹಳಿಯಲು ನಮಗೆ ಬಾಯಿಲ್ಲ. ಆದರೆ ಆ ಬಾಡಿಗೆಯಲ್ಲಿ ಮಾಡು ಬದಲಿಸಲು ಮಾಲೀಕರು ಮುಂದೆ ಬರಲಿಲ್ಲ. ಗೋಡೆಗಳೂ ತೊಲೆಗಳೂ ಕುಸಿಯತೊಡಗಿದಾಗ 1969ರ ಕಾಯ್ದೆಯಿಂದ ದುರಸ್ತಿ ಮಂಡಳಿ ಏರ್ಪಟ್ಟು, ಹಳೆಯ ಕಟ್ಟಡಗಳ ಮೇಲೆ ಸೆಸ್ ಬಿದ್ದಿತು. ಅಂದು ಲೆಕ್ಕಕ್ಕೆ ಸಿಕ್ಕ ಕಟ್ಟಡಗಳು 19,642. ಅವುಗಳಲ್ಲಿ ಬಹುಪಾಲು 1940ಕ್ಕೆ ಹಿಂದಿನವು. ಸರದಿ ಬರುವ ತನಕ ತೇಪೆಯೇ ಗತಿ. ಊರಿನ ಹಾಳೆಗಿದ್ದ ಗಡುವು ಇಲ್ಲಿಯ ತಾಡಪತ್ರಿಗೆ ಇರಲಿಲ್ಲ.

ನಾವಿದ್ದ ಚಾಳಿನಲ್ಲಿ ಹೀಗೆ ಕಾಯುತ್ತ ಹಲವು ಮಳೆಗಾಲಗಳು ಕಳೆದುವು. ಮೊದಮೊದಲು ಬಿರುಕಿಗೆ ಸಿಮೆಂಟು ಮೆತ್ತಿದೆವು. ಒಂದು ಬೇಸಗೆಯ ಬಿಸಿಲಿಗೆ ಅದು ಸಿಡಿದು ಬಿಟ್ಟುಕೊಂಡಿತು. ತಾಡಪತ್ರಿ ಹಾಸಿ ಇಟ್ಟಿಗೆ ಹೇರಿದರೆ ಇಟ್ಟಿಗೆಯೇ ಹೆಂಚನ್ನೊಡೆಯಿತು. ಕೊನೆಗೆ ದಕ್ಷಿಣ ಕನ್ನಡದ ಹಿರಿಯರೊಬ್ಬರು ಧೋತರ ಎತ್ತಿಕಟ್ಟಿ ಮೇಲೇರಿದರು. "ನೀರು ಬೀಳುವ ಜಾಗ ನೋಡಬೇಡಿ ಮಾರಾಯ್ರೆ, ಅದು ಒಳಬರುವ ಜಾಗ ಮೇಲಿದೆ" ಎಂದರು. ರೀಪು ಇರುವೆಡೆಯಲ್ಲಿಯೇ ಕಾಲೂರಿ ನಡೆದರು. ಒಡೆದ ಹೆಂಚಿನ ಮೇಲುಸಾಲನ್ನು ತುಸು ಎತ್ತಿ, ತಗಡಿನ ತುಂಡನ್ನು ಅದರಡಿಗೆ ತೂರಿಸಿ, ಕೆಳಸಾಲಿನ ಹೆಂಚಿನ ಮೇಲೆ ಇಳಿಬಿಟ್ಟರು. ಹಾಳೆ ಸಿಕ್ಕಿಸುವ ಹಳೆಯ ವಿದ್ಯೆಯೇ ಅದು! ಮಳೆ ನಿಂತೊಡನೆ ತಾಡಪತ್ರಿ ತೆಗೆಸಿದರು. ಗಾಳಿಯಾಡದಿದ್ದರೆ ಅಡಿಯ ಮರ ಕೊಳೆಯುವುದೆಂದರು. ಪೇಟೆಯಿಂದ ತಂದ ಹೊಸ ಹೆಂಚು ಮಾತ್ರ ಕಚ್ಚಿ ಕೂರಲಿಲ್ಲ. ಒಂದು ಕಾರ್ಖಾನೆಯ ಅಚ್ಚು ಇನ್ನೊಂದಕ್ಕೆ ಹೊಂದದು. ಅಂದಿನಿಂದ, ಕೆಡವಿದ ಮನೆಗಳ ಹೆಂಚು ಮಾರುವವರಲ್ಲಿ ಬೆನ್ನಿನ ಅಚ್ಚು ಓದಿ ಆರಿಸಿ ತರುವುದು ನಮ್ಮ ವಾಡಿಕೆಯಾಯಿತು.

ಆ ಚಾಳು ಈಗಿಲ್ಲ. ಅದನ್ನು ಕೆಡವಿದ ದಿನ ಹಳೆಯ ಸಾಮಾನಿನ ವ್ಯಾಪಾರಿ ಬಂದು ಹೆಂಚುಗಳನ್ನು ಮಗುಚಿ, ಅಚ್ಚು ನೋಡಿ, ಎರಡು ರಾಶಿ ಮಾಡಿದನು. ಮಂಗಳೂರಿನ ರಾಶಿಗೆ ಹೆಚ್ಚು ಬೆಲೆ ಕಟ್ಟಿದನು. ನಾವು ಅದರಿಂದ ಮನೆಗೊಂದರಂತೆ ಹೆಂಚನ್ನು ಕೇಳಿ ಪಡೆದೆವು. ನಮ್ಮದು ಈಗ ಹದಿನಾಲ್ಕನೆಯ ಮಾಳಿಗೆಯ ಬಾಲ್ಕನಿಯಲ್ಲಿ ತುಳಸಿಯ ಕುಂಡದ ಕೆಳಗಿದೆ.