ಹೊಗೆಯಿಲ್ಲದ ಪೆಟ್ಟಿಗೆ

ಟೊರಾಂಟೊದಲ್ಲಿ ಮಗಳ ಮನೆಯ ಕಪಾಟಿನ ಧೂಳು ಒರೆಸುತ್ತಿದ್ದಾಗ ಅಂಗೈಯಲ್ಲಿ ಹಿಡಿಸುವಂಥ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಕೈಯಿಂದಲೇ ಕೆತ್ತಿ ನಯಗೊಳಿಸಿದ್ದು. ಕುಂಕುಮದ ಭರಣಿಯಿರಬೇಕೆಂದು ಹಿಗ್ಗಿ ತೆರೆದರೆ ಒಳಗೆ ಸಣ್ಣ ಜಾಲರಿ, ಅದರ ಮೇಲೆ ಒಣಗಿದ ಸೊಪ್ಪಿನ ಚೂರು!

"ಅದು ಪುದೀನ, ಲ್ಯಾವೆಂಡರ್ ಹೂವು ಅತ್ತೆ" ಎಂದು ಅಳಿಯ ತಡವರಿಸಿದ. ಬೇರೇನು ಹಾಕುತ್ತಾನೋ ನಾನು ಕೇಳಲಿಲ್ಲ. ಆ ದೇಶದಲ್ಲಿ 2018ರಿಂದ ಗಾಂಜಾಕ್ಕೂ ಕಾನೂನಿನ ಒಪ್ಪಿಗೆಯಿದೆ. ಬ್ಯಾಟರಿಯಿಂದ ಜಾಲರಿ ಕಾಯುತ್ತದಂತೆ. ಸೊಪ್ಪು ಹೊತ್ತಿಕೊಳ್ಳುವುದಿಲ್ಲ, ಅದರ ಸತ್ವವಷ್ಟೇ ಆವಿಯಾಗಿ ಬರುತ್ತದೆ, ಅದನ್ನು ಗಾಜಿನ ಕೊಳವೆಯಿಂದ ಎಳೆದುಕೊಳ್ಳುವುದು. "ಹೊಗೆಯೇ ಇಲ್ಲ ಅತ್ತೆ" ಎಂದ. ನನಗೆ ಥಟ್ಟನೆ ಅಜ್ಜಿ ನೆನಪಾದಳು.

ಅಜ್ಜಿಗೆ ಉಬ್ಬಸ. ಹಿತ್ತಲಲ್ಲಿ ಬೆಳೆದಿದ್ದ ಉಮ್ಮತ್ತಿಯ ಎಲೆ ಒಣಗಿಸಿ, ಪುಡಿ ಮಾಡಿ, ಬೀಡಿಯ ಹಾಗೆ ಸುತ್ತಿ, ಬಚ್ಚಲ ಒಲೆಯ ಮುಂದೆ ಕುಳಿತು ಸೇದುತ್ತಿದ್ದಳು. ಯಾರಾದರೂ ಬಂದರೆ ಗೋಡೆಯ ಕಡೆ ತಿರುಗುವಳು. ಮನೆಯ ಗಂಡಸರು ಜಗಲಿಯ ಮೇಲೆ ಕುಳಿತು ಬೀಡಿ ಎಳೆಯುತ್ತಿದ್ದರು, ಅದಕ್ಕೆ ಕಾಯಿಲೆಯ ನೆಪವೂ ಬೇಕಿರಲಿಲ್ಲ. ಹೆಂಗಸು ಮಾತ್ರ ಉಸಿರಾಡಲಿಕ್ಕೂ ಅಡಗಿಕೊಳ್ಳಬೇಕು.

ಚರಕಸಂಹಿತೆ ಓದಿದಾಗ ನನಗೆ ಸೋಜಿಗವಾಯಿತು. ಅಲ್ಲಿ ಧೂಮಪಾನವೆಂದರೆ ಚಿಕಿತ್ಸೆ. ಮೂಲಿಕೆಗಳನ್ನು ಅರೆದು ಜೊಂಡಿನ ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಕಡ್ಡಿ ಎಳೆದುಹಾಕಿ, ಬತ್ತಿಗೆ ತುಪ್ಪ ಸವರಿ ಹಚ್ಚಬೇಕು. ಉಬ್ಬಸಕ್ಕೆ ಅರಿಸಿನ, ಹರಳಿನ ಬೇರು, ದೇವದಾರು ಸೇರಿದ ಬತ್ತಿ. ಸೇದುವ ನಳಿಗೆಗೂ ಲೆಕ್ಕವಿದೆ: ಸೇದುವವರದೇ ಬೆರಳಳತೆಯಲ್ಲಿ 24, 32 ಅಥವಾ 36 ಅಂಗುಲ. ಅಷ್ಟುದ್ದ ಏಕೆಂದರೆ ದೂರದಿಂದ ಬರುವ ಹೊಗೆ ತೆಳ್ಳಗಾಗಿ ಇಂದ್ರಿಯಗಳನ್ನು ಬಾಧಿಸುವುದಿಲ್ಲ. ಅಳಿಯನ ಪೆಟ್ಟಿಗೆ ಬ್ಯಾಟರಿಯಿಂದ ಮಾಡುವುದನ್ನು ಅವರು ನಳಿಗೆಯ ಉದ್ದದಿಂದ ಮಾಡಲು ಹೊರಟಿದ್ದರೆನ್ನಿ. ಬಸುರಿಯರು ಸೇದಬಾರದೆಂದೂ ಹೇಳಿದೆ. ಹೆಂಗಸೆಂಬ ಕಾರಣಕ್ಕೆ ನಿಷೇಧವಿಲ್ಲ.

ಅಜ್ಜಿಯ ಉಮ್ಮತ್ತಿಯಂತೂ ಸಮುದ್ರ ದಾಟಿದ ಗಿಡಮೂಲಿಕೆ. ಮದರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಇದರ ಹೊಗೆಯ ಗುಣ ಕಂಡಿದ್ದ. 1802ರಲ್ಲಿ ಜನರಲ್ ಜೆಂಟ್ ಎಂಬಾತ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ಯೂರೋಪಿನ ಔಷಧದಂಗಡಿಗಳಲ್ಲಿ ಉಬ್ಬಸದ ಸಿಗರೇಟುಗಳೇ ಬಂದವು. ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್ ಕೋಣೆ ಮುಚ್ಚಿಕೊಂಡು ಇಂಥ ಪುಡಿಯ ಹೊಗೆ ಹಾಕಿಕೊಳ್ಳುತ್ತಿದ್ದ. ನಮ್ಮ ಬಚ್ಚಲಮನೆಯ ಗುಟ್ಟು ಅಲ್ಲಿ ಬೆಲೆ ಕಟ್ಟಿ ಮಾರುವ ಸರಕು!

ಆದರೆ ಉಮ್ಮತ್ತಿ ವಿಷ. ಒಂದು ಮಳೆಗಾಲದ ರಾತ್ರಿ ಉಬ್ಬಸ ತಡೆಯಲಾರದೆ ಅಜ್ಜಿ ಒಂದಾದ ಮೇಲೊಂದು ಸೇದಿಬಿಟ್ಟಳು. ಕಣ್ಣಿನ ಪಾಪೆ ಅಗಲವಾಗಿ, ಬಾಯಿ ಒಣಗಿ, ತೀರಿಹೋಗಿದ್ದ ಅಜ್ಜನಿಗೆ ಎಲೆ ಹಾಕಿ ಬಡಿಸತೊಡಗಿದಳು. "ಇನ್ನೊಂದು ತುತ್ತು ಉಣ್ಣಿ" ಎಂದು ಖಾಲಿ ಮಣೆಗೆ ಹೇಳುತ್ತಿದ್ದುದನ್ನು ನಾನು ಕಂಬ ಹಿಡಿದು ನೋಡುತ್ತಿದ್ದೆ. ಬೆಳಗಾದ ಮೇಲೆ ಅವಳಿಗೆ ಏನೂ ನೆನಪಿರಲಿಲ್ಲ. ಅಮ್ಮ ಗಿಡವನ್ನು ಬೇರುಸಹಿತ ಕಿತ್ತು ಎಸೆದಳು. ವಿಷ ಹೋಯಿತು ನಿಜ, ಬದಲಿಗೆ ಅಜ್ಜಿಗೆ ಯಾರೂ ಏನೂ ಕೊಡಲಿಲ್ಲ. ಕೊನೆಯ ಎರಡು ಮಳೆಗಾಲ ಅವಳು ಕುಳಿತೇ ರಾತ್ರಿ ಕಳೆದಳು. ಅಮೆರಿಕದಲ್ಲಿ ಒತ್ತಿದರೆ ಮದ್ದು ಚಿಮ್ಮುವ ಇನ್‌ಹೇಲರ್ 1956ರಲ್ಲೇ ಬಂದಿತ್ತು. ಅದು ನಮ್ಮೂರು ತಲುಪುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಉಮ್ಮತ್ತಿಯಲ್ಲಿರುವ ಆಟ್ರೊಪಿನ್ ಎಂಬ ವಸ್ತುವನ್ನು ಮಾರ್ಪಡಿಸಿಯೇ ಇಪ್ರಟ್ರೋಪಿಯಂ ಎಂಬ ಉಬ್ಬಸದ ಮದ್ದು ಮಾಡಿದರು. ಅದು ಶ್ವಾಸನಾಳವನ್ನು ಸಡಿಲಿಸುತ್ತದೆ, ಅಜ್ಜಿಯ ಹಾಗೆ ತಲೆ ಕೆಡಿಸುವುದಿಲ್ಲ.

"ಸ್ವಲ್ಪ ಪುದೀನ ಎಳೆದು ನೋಡಿ ಅತ್ತೆ" ಎಂದ ಅಳಿಯ. ಬೇಡವೆಂದೆ. ಹೊಗೆಯಿಲ್ಲದಿದ್ದರೂ ಬಿಸಿ ಆವಿ ನನ್ನಂಥವರನ್ನು ಕೆಮ್ಮಿಸೀತು. ಅಜ್ಜಿಯ ಉಬ್ಬಸ ನನಗೂ ಬಂದಿದೆ. ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ಬಾಯಿಗಿಡುವಾಗ ನಾನೂ ಗೋಡೆಯ ಕಡೆ ತಿರುಗುತ್ತೇನೆ.