ಮಂಗಳೂರು

ಮಂಗಳೂರು : ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ, ಕರ್ನಾಟಕದ ಮುಖ್ಯ ರೇವುಪಟ್ಟಣ. ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 350 ಕಿಮೀ ದೂರದಲ್ಲಿ, ದಕ್ಷಿಣದಿಂದ ನೇತ್ರಾವತಿಯೂ ಉತ್ತರದಿಂದ ಗುರುಪುರ ಅಥವಾ ಫಲ್ಗುಣಿ ನದಿಯೂ ಬಂದು ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರ ಸೇರುವ ಎಡೆಯಲ್ಲಿದೆ. 2011ರ ಜನಗಣತಿಯಂತೆ ನಗರ ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶದ ಜನಸಂಖ್ಯೆ 6 ಲಕ್ಷಕ್ಕೂ ಹೆಚ್ಚು.

ಊರಿಗೆ ಹೆಸರು ಒಂದಲ್ಲ. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಬೋಳಾರದ ಮಂಗಳಾದೇವಿಯಿಂದ ಮಂಗಳೂರು ಎಂಬ ಹೆಸರು ಬಂತೆಂದು ಪ್ರತೀತಿ. ಕುಡ್ಲ ಎಂಬುದನ್ನು ಕೂಡಲ, ಅಂದರೆ ನದಿಗಳು ಕೂಡುವ ಜಾಗ, ಎಂದು ವಿವರಿಸುವುದುಂಟು. ಆಂಗ್ಲರ 'ಮ್ಯಾಂಗಲೋರ್' 2014ರ ನವೆಂಬರ್ 1ರಂದು ಅಧಿಕೃತವಾಗಿ ಮಂಗಳೂರಾಯಿತು. ಮನೆಮಾತಿನ ಹೆಸರುಗಳಿಗೆ ಅದರಿಂದ ಏನೂ ಆಗಲಿಲ್ಲ.

ನೆಲದ ಸ್ವರೂಪವನ್ನು ಬಡಾವಣೆಗಳ ಹೆಸರುಗಳೇ ಹೇಳುತ್ತವೆ. ಮುರಕಲ್ಲಿನ ಗುಡ್ಡದ ಮೇಲಿನ ಬೋಳು ಬಯಲು ಪದವು. ಪದವಿನಂಗಡಿ ಅಂಥ ಜಾಗ. ಗುಡ್ಡಗಳ ನಡುವೆ ನೀರು ನಿಂತು ಬತ್ತ ಬೆಳೆಯುತ್ತಿದ್ದ ತಗ್ಗು ಬೈಲು. ಕೊಡಿಯಾಲಬೈಲು ಹೀಗೆ ಬಂದ ಹೆಸರು. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ ಬೆಂಗ್ರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಈ ನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡುತ್ತಿದ್ದುದು ಬೈಲುಗಳು. ಈಗ ಅಲ್ಲಿ ಗದ್ದೆಯಿಲ್ಲ, ವಸತಿ ಸಮುಚ್ಚಯಗಳಿವೆ. 2018ರ ಮೇ 29ರಂದು, ಮಳೆಗಾಲ ಸರಿಯಾಗಿ ಕಾಲಿಡುವ ಮೊದಲೇ, ಒಂದೇ ದಿನದ ಮಳೆಗೆ ನಗರದ ತಗ್ಗುಪ್ರದೇಶಗಳು ಮುಳುಗಿದವು. ಬೈಲು ಎಂಬ ಹೆಸರಿನ ಅರ್ಥ ಆ ದಿನ ಹಲವರಿಗೆ ತಿಳಿದಿರಬೇಕು.

ಇತಿಹಾಸ ಕಾಲದಲ್ಲಿ ಮಂಗಳೂರು ಆಳುಪರ ರಾಜಧಾನಿಗಳಲ್ಲೊಂದು. ಆಳುಪ ದೊರೆ ಕುಂದವರ್ಮ 968ರಲ್ಲಿ ಕದ್ರಿಯಲ್ಲಿ ಸ್ಥಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹ ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಶಿಲ್ಪಗಳಲ್ಲಿ ಒಂದು. ಬೌದ್ಧ ಪರಂಪರೆಯ ಈ ವಿಗ್ರಹ ಇಂದು ಮಂಜುನಾಥನ ಗುಡಿಯಲ್ಲಿದೆ. ನಾಥಪಂಥದ ಜೋಗಿಗಳ ಮಠ ಅಲ್ಲೇ ಮೇಲೆ ಇದೆ.

ಹನ್ನೆರಡನೆಯ ಶತಮಾನದ ಮಂಗಳೂರಿನ ಬಗ್ಗೆ ಸೊಗಸಾದ ಸಾಕ್ಷ್ಯ ಸಿಕ್ಕಿರುವುದು ಇಲ್ಲಿಯ ಶಾಸನಗಳಲ್ಲಲ್ಲ, ಈಜಿಪ್ಟಿನಲ್ಲಿ. ಕೈರೋದ ಯೆಹೂದಿ ಪ್ರಾರ್ಥನಾಮಂದಿರವೊಂದರಲ್ಲಿ ಕೂಡಿಟ್ಟಿದ್ದ ಹಳೆಯ ಕಾಗದಗಳ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು ದೊರೆತವು. ಟ್ಯುನೀಷಿಯಾ ಮೂಲದ ಈತ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿ, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ ಕಳೆದ. ಏಡನ್ನಿನಿಂದ ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ತರಿಸಿ, ಕರಗಿಸಿ, ಹೊಸದು ಮಾಡಿಸಿ ಕಳಿಸುತ್ತಿದ್ದ. ಮೆಣಸು, ಅಡಕೆ ರಫ್ತು ಮಾಡುತ್ತಿದ್ದ. ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿದ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ನೋಡಿಕೊಂಡು ಬರುತ್ತಿದ್ದ. ಈ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಬರೆದರು. ರಾಜರ ಹೆಸರುಗಳೇ ತುಂಬಿರುವ ಕರಾವಳಿಯ ಚರಿತ್ರೆಯಲ್ಲಿ ಒಬ್ಬ ಆಳಿನ ಹೆಸರು ಹೀಗೆ ಉಳಿದದ್ದು ಅಪರೂಪ. ಮುಂದೆ 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ ಪರ್ಷಿಯಾ ಮತ್ತು ಯೆಮನ್ನಿನ ವರ್ತಕರನ್ನು ಕಂಡ, ಮೆಣಸು ಶುಂಠಿಗಳ ಸಮೃದ್ಧಿಯನ್ನು ಬರೆದಿಟ್ಟ. ಬಂದರಿನ ಝೀನತ್ ಬಕ್ಷ್ ಮಸೀದಿ ಆ ಸಂಪರ್ಕದ ಗುರುತು. ಅದರ ಒಳಗಿನ ಮರದ ಕೆತ್ತನೆ ನೋಡತಕ್ಕದ್ದು.

ವಿಜಯನಗರದ ಕಾಲದಲ್ಲಿ ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ತುಳುನಾಡು ಎರಡು ಪ್ರಾಂತಗಳಾಗಿತ್ತು. ಪೋರ್ಚುಗೀಸರು 1568ರಲ್ಲಿ ಕೋಟೆ ಕಟ್ಟಿದರು; ನದಿಯಾಚೆ ಉಳ್ಳಾಲದ ಚೌಟ ರಾಣಿ ಅಬ್ಬಕ್ಕ ಅವರಿಗೆ ಎದುರು ನಿಂತಳು. ಕೆಳದಿಯ ನಾಯಕರ ನಂತರ 1763ರಲ್ಲಿ ಹೈದರಾಲಿ ಇದನ್ನು ತನ್ನ ನೌಕಾಬಲದ ನೆಲೆಯಾಗಿಸಿದ. ಟಿಪ್ಪು ಮತ್ತು ಇಂಗ್ಲಿಷರ ನಡುವೆ 1784ರ ಮಾರ್ಚ್ 11ರಂದು ಇಲ್ಲಿಯೇ ಒಪ್ಪಂದವಾಯಿತು. ಅದೇ ವರ್ಷ ಕೆನರಾದ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1799ರವರೆಗೂ ನಡೆದ ಆ ಸೆರೆವಾಸದ ನೆನಪು ಸಮುದಾಯದಲ್ಲಿ ಇನ್ನೂ ಹಸಿಯಾಗಿದೆ. ಬೋಳೂರಿನಲ್ಲಿ ನದಿಗೆ ಮುಖಮಾಡಿ ನಿಂತ ಸುಲ್ತಾನ್ ಬತ್ತೇರಿ ಆ ಕಾಲದ ಕಾವಲುಗೋಪುರ. 1837ರ ಏಪ್ರಿಲಿನಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತದಂಡು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳನ್ನು ಓಡಿಸಿ ಎರಡು ವಾರದಷ್ಟು ಕಾಲ ಊರನ್ನು ಹಿಡಿದಿಟ್ಟಿತು. ಅವರು ಧ್ವಜ ಏರಿಸಿದ ಗುಡ್ಡವೇ ಬಾವುಟಗುಡ್ಡ ಎಂದು ಜನ ಹೇಳುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆ ಮದರಾಸಿಗೆ ಸೇರಿತ್ತು.

1834ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಬಂದಿಳಿದರು. ಕನ್ನಡ ಹೆಚ್ಚಿನ ಜನರ ಮನೆಮಾತಲ್ಲದ ಈ ಊರಿನಲ್ಲಿ ಕನ್ನಡದ ಮುದ್ರಣ ಬೇರೂರಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಇಲ್ಲಿಯ ಮಿಷನ್ ಮುದ್ರಣಾಲಯದಿಂದಲೇ ಬಂತು. ಬ್ರಿಗೆಲರ ತುಳು ವ್ಯಾಕರಣ (1872), ಮ್ಯಾನರರ ತುಳು ನಿಘಂಟು (1886) ಕೂಡ ಇಲ್ಲಿ ಅಚ್ಚಾದವು. ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕುವ ರೂಢಿ ಹೀಗೆ ಗಟ್ಟಿಯಾಯಿತು. ಇಂದು ಕೊಂಕಣಿ, ಬ್ಯಾರಿಗಳನ್ನೂ ಇಲ್ಲಿ ಸಾಮಾನ್ಯವಾಗಿ ಅದೇ ಲಿಪಿಯಲ್ಲಿ ಬರೆಯುತ್ತಾರೆ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ: ಈ ಮೂರರ ನಡುವಿನ ಓಡಾಟ ಇಲ್ಲಿಯವರಿಗೆ ಶ್ರಮವೇ ಅಲ್ಲ. ಇಲ್ಲಿಯ ಕನ್ನಡ ಪುಸ್ತಕದಂತೆ ಇರುತ್ತದೆಂದು ಘಟ್ಟದ ಮೇಲಿನವರು ನಗುವುದಕ್ಕೂ ಅದೇ ಕಾರಣ. ಈ ಕನ್ನಡವನ್ನು ಬಹುಮಂದಿ ಕಲಿತದ್ದು ಪುಸ್ತಕದಿಂದಲೇ.

ಮಿಷನ್ನು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನದಿದಡದ ಜೇಡಿ, ಘಟ್ಟದ ಸೌದೆ, ಸಾಗಿಸಲು ದೋಣಿ, ಮತಾಂತರದಿಂದ ಜಾತಿಕಸುಬು ಕಳೆದುಕೊಂಡು ಕೆಲಸ ಹುಡುಕುತ್ತಿದ್ದ ಕೈಗಳು: ಎಲ್ಲವೂ ಅಲ್ಲಿ ಕೂಡಿದ್ದವು. ಮಂಗಳೂರು ಹಂಚು ಕಡಲು ದಾಟಿ ಹೋಯಿತು. ಕಾಂಕ್ರೀಟು ಬಂದ ಮೇಲೆ ಗೂಡುಗಳು ಒಂದೊಂದಾಗಿ ತಣ್ಣಗಾದವು.

ಬಂಟರು, ಬಿಲ್ಲವರು, ಮೊಗವೀರರು, ಗೌಡ ಸಾರಸ್ವತರು, ಬ್ಯಾರಿಗಳು, ಕೆಥೋಲಿಕರು, ಪ್ರೊಟೆಸ್ಟೆಂಟರು, ಜೈನರು, ಕೊರಗರು ಇಲ್ಲಿಯ ಮುಖ್ಯ ಸಮುದಾಯಗಳು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿ ಸ್ವಜಾತಿಯ ಬಹಿಷ್ಕಾರ ಉಂಡರು. ಗುಡಿಯೊಳಗೆ ಬಿಡದ ಕಾಲದಲ್ಲಿ ಬಿಲ್ಲವರು ಕುದ್ರೋಳಿಯಲ್ಲಿ ತಮ್ಮದೇ ದೇವಸ್ಥಾನ ಕಟ್ಟಿದರು. 1912ರಲ್ಲಿ ನಾರಾಯಣ ಗುರುಗಳು ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಸಂತ ಅಲೋಶಿಯಸ್ ಕಾಲೇಜು 1880ರದು. ಅದರ ಚಾಪೆಲಿನ ಗೋಡೆ, ಮಾಡುಗಳ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿಯ ಚಿತ್ರಗಳಿವೆ. ಕೆನರಾ (1906), ಕರ್ಣಾಟಕ (1924), ವಿಜಯಾ (1931) ಬ್ಯಾಂಕುಗಳು ಹುಟ್ಟಿದ್ದು ಈ ಒಂದೇ ಊರಿನಲ್ಲಿ. ಹೀಗೆ ಬಾಳುವೆ ಬೆರೆತಿದ್ದರೂ ಇತ್ತೀಚಿನ ದಶಕಗಳಲ್ಲಿ ಮತೀಯ ಬಿರುಕು ಹಿಗ್ಗಿದೆ. 2008ರ ಸೆಪ್ಟೆಂಬರಿನಲ್ಲಿ ಇಗರ್ಜಿಗಳ ಮೇಲೆ ದಾಳಿ ನಡೆಯಿತು. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾದರು.

ಅಳಿವೆಬಾಯಿಗೆ ಮರಳು ಬಂದು ತುಂಬುವುದರಿಂದ ಹಳೆಯ ಬಂದರಿಗೆ ದೊಡ್ಡ ಹಡಗು ಬರಲಾಗುತ್ತಿರಲಿಲ್ಲ. ಉತ್ತರದ ಪಣಂಬೂರಿನಲ್ಲಿ ಕಟ್ಟಿದ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅದರ ಬಳಿ ಗೊಬ್ಬರದ ಕಾರ್ಖಾನೆ, ತೈಲ ಸಂಸ್ಕರಣಾಗಾರ ಬೆಳೆದವು. ಹಳೆ ಬಂದರಿನಿಂದ ಈಗಲೂ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿ ಎಂಬ ಸರಕುದೋಣಿಗಳು ಹೊರಡುತ್ತವೆ. ದಕ್ಕೆಯಲ್ಲಿ ಬೆಳಗಿನ ಜಾವ ಬೂತಾಯಿ, ಬಂಗುಡೆ ಮೀನುಗಳ ಹರಾಜು ನಡೆಯುತ್ತದೆ. ಎದುರು ದಡದ ಬೆಂಗ್ರೆಯ ಜನ ಪೇಟೆಗೆ ಬರುವುದು ದೋಣಿಯಲ್ಲಿ. ರಸ್ತೆಯಲ್ಲಿ ಬಂದರೆ ಪಣಂಬೂರಿಗಾಗಿ ಸುತ್ತಿ ಬರಬೇಕು.